ಅಜ್ಜಿಯ ಬೆರಳ ತುದಿಯ ಕಾಡಿಗೆ

2023ರ ಬೇಸಿಗೆ. ತುಮಕೂರಿನಲ್ಲಿ ನಾನು ಬ್ಯೂಟಿ ಪಾರ್ಲರ್ ತೆರೆದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಹುಬ್ಬು ತಿದ್ದುವುದು, ಕೂದಲು ಕತ್ತರಿಸುವುದು ದಿನನಿತ್ಯದ ಕೆಲಸ. ಆದರೆ ನನ್ನ ಹೆಸರು ನಾಲ್ಕು ಜನರ ಬಾಯಲ್ಲಿ ಬಂದಿದ್ದು ಮದುವಣಗಿತ್ತಿಯರ ಮೇಕಪ್‌ನಿಂದ. ಗುಬ್ಬಿ, ಕುಣಿಗಲ್ ಕಡೆಯ ಛತ್ರಗಳೆಲ್ಲ ನನಗೆ ಗೊತ್ತು. ಯಾವ ಛತ್ರದ ಕನ್ನಡಿಯಲ್ಲಿ ಮುಖ ಸೊಟ್ಟ ಕಾಣುತ್ತದೆ, ಯಾವ ಛತ್ರದಲ್ಲಿ ಫ್ಯಾನ್ ಹಾಕಿದರೆ ಲೈಟು ಮಂಕಾಗುತ್ತದೆ ಎಂಬುದೆಲ್ಲ ಬಾಯಿಪಾಠ. ಹೆಸರು ನಸೀಮಾ. ಪಾರ್ಲರ್‌ಗೆ ಬರುವವರು ಅಕ್ಕ ಅನ್ನುತ್ತಾರೆ, ಓಣಿಯವರು ಆಪಾ ಅನ್ನುತ್ತಾರೆ, ಎರಡಕ್ಕೂ ತಿರುಗಿ ನೋಡುತ್ತೇನೆ.

ನನ್ನ ಕೈ ಪಳಗಿದ್ದು ಕಣ್ಣಿನ ಕೆಲಸದಲ್ಲಿ. ಐಲೈನರ್ ಅಂದರೆ ರೆಪ್ಪೆಗೂದಲಿನ ಬುಡಕ್ಕೆ ಅಂಟಿದಂತೆ ಎಳೆಯುವ ಗೆರೆ. ಪೆನ್ಸಿಲ್, ಜೆಲ್, ಲಿಕ್ವಿಡ್ ಹೀಗೆ ಅದರಲ್ಲಿ ಬಗೆಗಳಿವೆ. ಕಾಡಿಗೆಯ ಜಾಗ ಬೇರೆ. ಅದು ರೆಪ್ಪೆಯ ಒಳಗಿನ ಒದ್ದೆ ಅಂಚಿಗೆ, ನಾವು ವಾಟರ್‌ಲೈನ್ ಅನ್ನುವಲ್ಲಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ಸುರ್ಮಾ. ಅಪ್ಪ ಶುಕ್ರವಾರ ಸ್ನಾನ ಮಾಡಿ, ಸಣ್ಣ ಕಡ್ಡಿಯಿಂದ ಎರಡೂ ಕಣ್ಣಿಗೆ ಸುರ್ಮಾ ಎಳೆದುಕೊಂಡು ನಮಾಜಿಗೆ ಹೊರಡುತ್ತಿದ್ದರು. ಆ ದಿನ ಅವರು ಗದರಿದರೂ ನನಗೆ ಹೆದರಿಕೆ ಆಗುತ್ತಿರಲಿಲ್ಲ, ಅಷ್ಟು ಚೆಂದ ಕಾಣುತ್ತಿದ್ದರು.

ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಯಾರ ಎರಡು ಕಣ್ಣೂ ಒಂದೇ ಸಮ ಇರುವುದಿಲ್ಲ. ನಿಮ್ಮದೂ ಇಲ್ಲ, ನನ್ನದೂ ಇಲ್ಲ. ಒಂದು ರೆಪ್ಪೆ ಕೂದಲೆಳೆಯಷ್ಟು ಕೆಳಗೆ, ಒಂದು ಕೊನೆ ಒಂಚೂರು ಮೇಲೆ. ಈ ಹೆಚ್ಚುಕಡಿಮೆಯನ್ನು ಗೆರೆಯ ದಪ್ಪ ಸಣ್ಣದಲ್ಲಿ ಮುಚ್ಚಿ ಎರಡನ್ನೂ ಸಮ ಮಾಡುವುದೇ ನನ್ನ ಕಸುಬು.

ಈ ಕೆಲಸದಲ್ಲಿ ಇನ್ನೊಂದು ಸೊಗಸಿದೆ. ಬೆಳಗಿನ ಜಾವ, ಛತ್ರ ಇನ್ನೂ ಅರೆನಿದ್ದೆಯಲ್ಲಿರುವಾಗ, ಹುಡುಗಿ ನನ್ನ ಮುಂದೆ ಕಣ್ಣು ಮುಚ್ಚಿ ಕೂರುತ್ತಾಳೆ. ಮುಖ ಮೇಲಕ್ಕೆತ್ತಿರುತ್ತಾಳೆ. ಅವಳ ಉಸಿರು ನನ್ನ ಮಣಿಕಟ್ಟಿಗೆ ತಾಕುತ್ತಿರುತ್ತದೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮೆಲ್ಲಗೆ ಆ ಕಡೆ ಈ ಕಡೆ ಓಡಾಡುವುದು ಕಾಣುತ್ತದೆ, ಕನಸು ಕಾಣುವ ಮಗುವಿನದರಂತೆ. ಆ ಹೊತ್ತಿನಲ್ಲಿ ಹುಡುಗಿಯರು ಅಮ್ಮನಿಗೂ ಹೇಳದ ಮಾತನ್ನು ನನಗೆ ಹೇಳುತ್ತಾರೆ. ನಾನು ಹೂಂಗುಡುತ್ತಾ ಗೆರೆ ಎಳೆಯುತ್ತೇನೆ. ಗಂಡಸರ ಮಾತು, ಹಳೆಯ ಗೆಳೆಯರ ಮಾತು, ಭಯದ ಮಾತು, ಎಲ್ಲ ಕೇಳಿದ್ದೇನೆ. ಹೊರಗೆ ಬಂದ ಮೇಲೆ ಅರ್ಧ ಮರೆತಿರುತ್ತೇನೆ.

ಸೌಮ್ಯ ಹೇಳಿದ್ದನ್ನು ಮಾತ್ರ ಮರೆತಿಲ್ಲ.

ಮದುವೆಗೆ ಎರಡು ವಾರ ಇದ್ದಾಗ ಅವಳು ಪಾರ್ಲರ್‌ಗೆ ಬಂದಳು. ಜೊತೆಯಲ್ಲಿ ಬಂದವರು ಅವಳ ಅಮ್ಮ ಅಲ್ಲ, ಅತ್ತೆಯಾಗುವವರು, ಜಯಮ್ಮ. ಅತ್ತೆಯೇ ಸೊಸೆಯನ್ನು ಪಾರ್ಲರ್‌ಗೆ ಕರೆತರುವುದು ಅಪರೂಪ. ಇವರಿಬ್ಬರ ನಡುವೆ ಏನೋ ಗುಟ್ಟಿದೆ ಅಂತ ಆಗಲೇ ಅಂದುಕೊಂಡೆ. ಸೌಮ್ಯ ನಿಟ್ಟೂರಿನ ಹುಡುಗಿ, ಗುಬ್ಬಿಯ ಒಂದು ಕಾಲೇಜಿನಲ್ಲಿ ಮ್ಯಾಥ್ಸ್ ಹೇಳಿಕೊಡುತ್ತಿದ್ದಳು. ಗೋಧಿ ಬಣ್ಣ, ನಗುಮುಖ. ಮಾತಾಡುವಾಗ ಕಣ್ಣು ತಿರುಗಿಸುವ ಬದಲು ತಲೆಯನ್ನೇ ತಿರುಗಿಸುತ್ತಿದ್ದಳು.

ಜಯಮ್ಮ ಬಾಗಿಲು ಹಾಕಿಸಿ ದನಿ ತಗ್ಗಿಸಿದರು. "ನಸೀಮಮ್ಮ, ಇವಳ ಎಡಗಣ್ಣು ನಿಜವಾದದ್ದಲ್ಲ. ಚಿಕ್ಕೋಳಿದ್ದಾಗ ಚಿನ್ನಿದಾಂಡು ಆಡೋವಾಗ ಚಿನ್ನಿ ಬಂದು ಬಡೀತಂತೆ. ನಂಗೂ ಗೊತ್ತು, ನನ್ನ ಮಗನಿಗೂ ಗೊತ್ತು. ನಮ್ಮ ಅತ್ತೇಗೆ ಗೊತ್ತಿಲ್ಲ."

ಕೃತಕ ಕಣ್ಣು ಅಂದರೆ ಪೂರ್ತಿ ಗೋಲಿಯಂಥದ್ದಲ್ಲ. ತೆಳುವಾದ ಅಕ್ರಿಲಿಕ್ ಚಿಪ್ಪು, ಅದರ ಮೇಲೆ ಇನ್ನೊಂದು ಕಣ್ಣಿಗೆ ಹೊಂದುವಂತೆ ಬಣ್ಣ ಬರೆದಿರುತ್ತಾರೆ. ಸೌಮ್ಯಳದ್ದು ತುಂಬಾ ಚೆನ್ನಾಗಿತ್ತು. ಆದರೂ ಆ ಕಡೆಯ ರೆಪ್ಪೆ ಸ್ವಲ್ಪ ಇಳಿದಿತ್ತು, ಕಣ್ಣು ಒಳಕ್ಕೆ ಕೂತಂತಿತ್ತು, ಬಲಗಣ್ಣು ಪಕ್ಕಕ್ಕೆ ಹೊರಳಿದರೆ ಎಡಗಣ್ಣು ಅರ್ಧದಲ್ಲೇ ನಿಲ್ಲುತ್ತಿತ್ತು. ಅದನ್ನೇ ಹೇಳಿ ಅವಳು ನಕ್ಕಳು. "ಕ್ಲಾಸಲ್ಲಿ ಒಬ್ಬನ್ನ ಪ್ರಶ್ನೆ ಕೇಳಿದ್ರೆ ಪಕ್ಕದೋನು ಎದ್ದು ನಿಂತ್ಕೊತಾನೆ ಅಕ್ಕ. ಪಾಪ, ಅವನಿಗೇ ಅಂದ್ಕೊಂಡು."

ಹುಡುಗ ಹರೀಶ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಫಿಟ್ಟರ್. ಹೆಣ್ಣು ನೋಡಲು ಬಂದ ದಿನವೇ ಸೌಮ್ಯ ಅವನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ್ದಳಂತೆ. ಅದಕ್ಕೆ ಅವನು, "ಹಂಗಾದ್ರೆ ನಾನು ಯಾವ ಕಡೆ ಕೂತ್ಕೋಬೇಕು?" ಅಂತ ಕೇಳಿದನಂತೆ. ಅಷ್ಟಕ್ಕೇ ಒಪ್ಪಿಗೆ ಆಯಿತು. ಇಂಥ ಗಂಡು ಸಿಕ್ಕಿರುವಾಗ ಭಯ ಏಕೆ ಎಂದು ಕೇಳಿದೆ.

"ಭಯ ಇರೋದು ನಮ್ಮ ಅತ್ತೇದು," ಎಂದರು ಜಯಮ್ಮ. ಅವರ ಅತ್ತೆ ನಿಂಗಮ್ಮಜ್ಜಿ ಯಡಿಯೂರು ಕಡೆಯ ಆ ಮನೆಗೆ ಹಿರಿತಲೆ. ಶಕುನದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. "ಒಂದ್ಸಲ ಕುಣಿಗಲ್ ಸಂತೆಗೆ ಹೊರಟೋರು ಒಕ್ಕಣ್ಣಿನೋನು ಎದುರಾದ ಅಂತ ವಾಪಸ್ ಬಂದು ಜಗಲಿ ಮೇಲೆ ಕೂತ್ಬಿಟ್ರು. ಮೊಮ್ಮಗನ ಹೆಂಡ್ತಿಗೇ ಹಿಂಗೆ ಅಂದ್ರೆ ಧಾರೆ ಎರೆಯೋಕೆ ಬುಡ್ತಾರಾ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಒಂದು ಸುಳ್ಳು ಹೇಳ್ತಾ ಇವ್ನಿ. ಮುಹೂರ್ತ ಮುಗಿಯೋಗಂಟ ಅತ್ತೆ ಕಣ್ಣಿಗೆ ಬೀಳ್ದಂಗೆ ಮಾಡ್ಕೊಡಿ ಸಾಕು."

ಸರಿ, ಅಂದೆ. ಎರಡು ಕಣ್ಣು ಸಮ ಮಾಡುವವಳು ತಾನೇ ನಾನು! ಒಳಗೊಳಗೆ ಜಂಬವೂ ಬಂತು. ಅವತ್ತೇ ಟ್ರಯಲ್ ಮಾಡಿದೆ. ಬಲಗಣ್ಣಿನ ಕೆಳಗಿನ ಒಳಗಂಚಿಗೆ ಕಪ್ಪು ಹಚ್ಚಿದರೆ ಅದು ಕೊಂಚ ಚಿಕ್ಕದಾಗಿ ಕಾಣುತ್ತದೆ. ಎಡಗಣ್ಣಿನ ಕೆಳಗೆ, ರೆಪ್ಪೆಯ ಹೊರಗೆ, ಚರ್ಮದ ಬಣ್ಣದ ಪೆನ್ಸಿಲ್ ಎಳೆದರೆ ಅದು ಅಗಲವಾಗುತ್ತದೆ. ಇಳಿದ ರೆಪ್ಪೆಯ ಮೇಲೆ ಗೆರೆ ಸಣ್ಣಗಿರಬೇಕು, ಕೊನೆಯಲ್ಲಿ ಮಾತ್ರ ಮೇಲೆದ್ದಿರಬೇಕು. ಪೌಡರ್ ಉದುರಬಾರದು, ಎಣ್ಣೆ ಜಿಡ್ಡಿನದ್ದು ಚಿಪ್ಪಿಗೆ ತಾಕಬಾರದು ಎಂದು ಅವಳ ಕಣ್ಣಿನ ಡಾಕ್ಟರ್ ಹೇಳಿದ್ದರಂತೆ. ಎಲ್ಲ ಮುಗಿಸಿ ಕನ್ನಡಿ ಕೊಟ್ಟಾಗ ಜಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಸೌಮ್ಯ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಕನ್ನಡಿಯನ್ನು ಬೋರಲಾಗಿ ಮಡಿಲಲ್ಲಿಟ್ಟಳು.

ಮದುವೆ ಕುಣಿಗಲ್‌ನ ಒಂದು ಛತ್ರದಲ್ಲಿ. ಕೋಳಿ ಕೂಗುವ ಹೊತ್ತಿಗೆ ನಾನು ಮಹಡಿಯ ಮೇಲಿನ ವಧುವಿನ ಕೋಣೆಯಲ್ಲಿ ಸಾಮಾನು ಹರಡಿದ್ದೆ. ಕಿಟಕಿ ತೆರೆದರೆ ಕೆರೆಯ ಕಡೆಯಿಂದ ತಣ್ಣನೆ ಗಾಳಿ. ಕೆಳಗೆ ಅಡುಗೆಯವರು ಒಗ್ಗರಣೆ ಹಾಕಿದ ಘಮ. ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ. ಸೌಮ್ಯಳ ಅಕ್ಕತಂಗಿಯರು ಚಾಪೆಯ ಮೇಲೆ ಬಳೆ ತುಂಬಿದ ಕೈಗಳನ್ನು ಒಬ್ಬರ ಮೇಲೊಬ್ಬರು ಹಾಕಿಕೊಂಡು ನಿದ್ದೆ ಹೋಗಿದ್ದರು. ಎಲ್ಲೋ ದೂರದಲ್ಲಿ ವಾಲಗದವನು ಶ್ರುತಿ ಹಿಡಿದು ಹಿಡಿದು ಬಿಡುತ್ತಿದ್ದ. ಆ ಹೊತ್ತಿನಲ್ಲಿ ಜಗತ್ತು ಇನ್ನೂ ಪೂರ್ತಿ ನಿಜವಾಗಿರುವುದಿಲ್ಲ ಅನ್ನಿಸುತ್ತದೆ ನನಗೆ.

ಸೌಮ್ಯ ಕಣ್ಣು ಮುಚ್ಚಿ ಕೂತಳು. ಬಲರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತಿತ್ತು. ಎಡರೆಪ್ಪೆಯ ಕೆಳಗಿನದು ಬರೀ ಅದುರುತ್ತಿತ್ತು.

"ಅಕ್ಕ," ಅಂದಳು, ನಿದ್ದೆಯಲ್ಲಿ ಮಾತಾಡುವವಳ ಹಾಗೆ. "ಈ ಕಣ್ಣನ್ನ ಆಗಾಗ ತೆಗೆದು ತೊಳೀಬೇಕು. ನಮ್ಮನೇಲಿ ಹಿತ್ತಲ ನಲ್ಲಿ ಹತ್ರ ನಿಂತು ತೊಳ್ಕೊತೀನಿ, ಯಾರೂ ತಿರುಗಿ ನೋಡಲ್ಲ. ಇನ್ಮೇಲೆ ಎಲ್ಲಿ ತೊಳೀಲಿ? ಅಜ್ಜಿ ಇರೋ ಮನೇಲಿ ಚಿಲಕ ಹಾಕ್ಕೊಂಡೇ ಬದುಕ್ಬೇಕಾ?"

ನಾನು ಹೂಂಗುಡಲಿಲ್ಲ. ಕೈ ತಾನಾಗಿ ನಿಂತಿತು. ಒಂದು ಬೆಳಗಿನ ಮಟ್ಟಿಗೆ ಕಣ್ಣು ಮುಚ್ಚಿಡುವ ಕೆಲಸ ಎಂದುಕೊಂಡಿದ್ದೆ ನಾನು. ಅವಳಿಗೆ ಅದು ಜೀವಮಾನದ ಚಿಲಕ. ಆದರೆ ಮುಹೂರ್ತ ಹತ್ತಿರ ಬರುತ್ತಿತ್ತು. "ಕಣ್ಣು ಬಿಡಮ್ಮ," ಎಂದೆ. ಬಿಟ್ಟಳು. ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನು ಮಾಡಿದ ಕೆಲಸಗಳಲ್ಲೇ ಅದು ಅಚ್ಚುಕಟ್ಟಾದದ್ದು. ಎರಡೂ ಕಣ್ಣು ಸಮ.

ಅಕ್ಕತಂಗಿಯರು ಆಗಲೇ ಎದ್ದು ಕೆಳಗೆ ಹೋಗಿದ್ದರು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನಿಂಗಮ್ಮಜ್ಜಿ! ಗೋಡೆ ಹಿಡಿದು ಹಿಡಿದು ಮಹಡಿ ಹತ್ತಿ ಬಂದಿದ್ದರು. ಅಗಲ ಕುಂಕುಮ, ಬಿಳಿ ಕೂದಲಿನ ಗಂಟಿನ ಸುತ್ತ ಕನಕಾಂಬರ, ಕೈಯಲ್ಲಿ ಸಣ್ಣ ಬೆಳ್ಳಿ ಕರಡಿಗೆ. ಹಿಂದೆಯೇ ಏದುಸಿರು ಬಿಡುತ್ತಾ ಜಯಮ್ಮ. "ಅತ್ತೆಮ್ಮ, ನಾನೇ ಹಚ್ತೀನಿ ಕೊಡಿ ಅಂದ್ನಲ್ಲ" ಅನ್ನುತ್ತಿದ್ದರು.

ಆ ಮನೆಯ ಪದ್ಧತಿ ಇದು: ಹೆಣ್ಣು ಮಂಟಪಕ್ಕೆ ಇಳಿಯುವ ಮೊದಲು ಗಂಡಿನ ಮನೆಯ ಹಿರಿಯ ಮುತ್ತೈದೆ ಮನೆಯಲ್ಲೇ ಹಿಡಿದ ಕಾಡಿಗೆಯನ್ನು ಅವಳ ಕಣ್ಣಿಗೆ ಹಚ್ಚಬೇಕು. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಬತ್ತಿ, ಹರಳೆಣ್ಣೆಯ ದೀಪ, ಮೇಲೆ ಕವುಚಿದ ಹಿತ್ತಾಳೆ ತಟ್ಟೆ. ತಟ್ಟೆಗೆ ಹಿಡಿದ ಮಸಿಯನ್ನು ಹಸುವಿನ ತುಪ್ಪದಲ್ಲಿ ಕಲಸಿದರೆ ಕಾಡಿಗೆ. ತಾನೇ ಅತ್ತೆಯ ಕೈಯಿಂದ ಕರಡಿಗೆ ಇಸಿದುಕೊಂಡು ಶಾಸ್ತ್ರ ಮುಗಿಸಿಬಿಡಬಹುದು ಎಂದು ಜಯಮ್ಮ ಲೆಕ್ಕ ಹಾಕಿದ್ದರು. ಅತ್ತೆಯನ್ನು ಅಷ್ಟು ವರ್ಷ ನೋಡಿಯೂ ಹಾಗೆ ಲೆಕ್ಕ ಹಾಕಿದ್ದರಲ್ಲ, ಅದಕ್ಕೆ ಏನೆನ್ನಬೇಕು!

ನಾನು ಅಡ್ಡ ನಿಂತೆ. "ಅಜ್ಜಿ, ಮೇಕಪ್ ಮುಗ್ದೋಯ್ತು. ತುಪ್ಪ ತಾಕಿದ್ರೆ ಗೆರೆ ಎಲ್ಲ ಕರಗೋಗುತ್ತೆ. ಹಣೆ ಪಕ್ಕ ಒಂದು ದೃಷ್ಟಿಬೊಟ್ಟು ಇಟ್ಬಿಡಿ ಸಾಕು."

"ಮುಖ ನೀನು ಬಳ್ಕೊ ತಾಯಿ, ನಾನೇನಂದೆ? ಕಣ್ಣು ನಂದು," ಎಂದರು. ನನ್ನ ಭುಜವನ್ನು ಬಾಗಿಲು ಸರಿಸಿದ ಹಾಗೆ ಸರಿಸಿ ಸೌಮ್ಯಳ ಮುಂದೆ ಕೂತೇ ಬಿಟ್ಟರು. ಎಡಗೈಯಿಂದ ಅವಳ ಗಲ್ಲ ಹುಡುಕಿ ಹಿಡಿದರು. ಬಲಗೈಯ ಉಂಗುರ ಬೆರಳನ್ನು ಕರಡಿಗೆಗೆ ಅದ್ದಿದರು. ಯಾ ಅಲ್ಲಾ, ಎಂದುಕೊಂಡೆ. ಬೆರಳು ಹೋಗಿದ್ದು ನೇರ ಎಡಗಣ್ಣಿಗೆ. ಅಂಚಿಗೆ ಅಲ್ಲ, ಅಂಚು ತಪ್ಪಿ ಕಣ್ಣಿನ ನಡುಮಧ್ಯಕ್ಕೆ.

ಸೌಮ್ಯ ಮಿಸುಕಲಿಲ್ಲ.

ಕಣ್ಣಿಗೆ ಏನು ತಾಕಿದರೂ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನೀವು ಎಷ್ಟೇ ಗಟ್ಟಿ ಮನಸ್ಸಿನವರಾದರೂ ಅದು ನಿಮ್ಮ ಮಾತು ಕೇಳುವುದಿಲ್ಲ. ಸಾವಿರಾರು ಕಣ್ಣಿಗೆ ಗೆರೆ ಎಳೆದ ನನಗೆ ಅದು ಗೊತ್ತು. ಮೂರು ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ದಿನಾ ಕಾಡಿಗೆ ಹಚ್ಚಿದ ಅಜ್ಜಿಗೆ ಗೊತ್ತಿಲ್ಲವೇ? ಬೆರಳು ಅಲ್ಲೇ ನಿಂತಿತು. ಕೆಳಗೆ ವಾಲಗ ಜೋರಾಗಿತ್ತು.

"ಉರೀಲಿಲ್ವೇನವ್ವಾ?"

"ಇಲ್ಲ ಅಜ್ಜಿ."

ಜಯಮ್ಮ ಏನೋ ಹೇಳಲು ಬಾಯಿ ತೆರೆದರು. ಸೌಮ್ಯ ಕೈಯೆತ್ತಿ ತಡೆದಳು. "ಆ ಕಣ್ಣಿಲ್ಲ ಅಜ್ಜಿ. ಚಿಕ್ಕೋಳಿದ್ದಾಗಲೇ ಹೋಯ್ತು. ಇದು ಮಾಡ್ಸಿ ಹಾಕ್ಕೊಂಡಿರೋದು. ಅತ್ತೆಗೂ ನಿಮ್ಮ ಮೊಮ್ಮಗನಿಗೂ ಗೊತ್ತು, ನಿಮಗೆ ಹೇಳ್ಲಿಲ್ಲ. ಈಗ ನೀವು ಬೇಡ ಅಂದ್ರೂ ನಾನು ಬೇಜಾರು ಮಾಡ್ಕೊಳಲ್ಲ, ಆದ್ರೆ ಕೆಳಗೆ ಹೋಗೋಕ್ ಮುಂಚೆ ಹೇಳ್ಬಿಡಿ."

ಅಜ್ಜಿ ತಿರುಗಿದ್ದು ಸೊಸೆಯ ಕಡೆ. "ಯಾಕೆ ಹೇಳ್ಲಿಲ್ಲ ಜಯಾ?"

"ಶಕುನ ಅಂತೀರಲ್ಲ ಅತ್ತೆಮ್ಮ... ಸಂತೆಯಿಂದ ವಾಪಸ್ ಬಂದ್ರಲ್ಲ..."

ಅಜ್ಜಿ ಬೆರಳಿಗಂಟಿದ ಕಾಡಿಗೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವಂತೆ ಅಂದರು: "ನೀನು ಹೇಳ್ಲಿಲ್ಲ. ನಾನು ಹೇಳಿದ್ನಾ? ನಂಗೆ ಕಣ್ಣು ಕಾಣ್ದೆ ಎರಡು ವರ್ಸ ಆಗ್ತಾ ಬಂತು ಕಣೇ. ಪೊರೆ ಬಂದೈತೆ. ಒಂದ್ರಲ್ಲಿ ಪೂರಾ ಮಬ್ಬು, ಇನ್ನೊಂದ್ರಲ್ಲಿ ಹೊಗೆ. ಈ ಮಗೀನ ಮುಖ ನಂಗೆ ಒಂದು ಹಿತ್ತಾಳೆ ತಟ್ಟೆ ಹಂಗೆ ಹೊಳೀತೈತೆ ಅಷ್ಟೆ. ಹೇಳಿದ್ರೆ ಒಲೆ ಹತ್ರ ಸೇರ್ಸಲ್ಲ, ಆಸ್ಪತ್ರೇಲಿ ಕಣ್ಣು ಕುಯ್ಸ್ತೀರಿ ಅಂತ ಬಾಯ್ಮುಚ್ಕೊಂಡಿದ್ದೆ. ಶಕುನ ನೋಡಾಕೆ ನಂಗೆ ಕಣ್ಣಾದ್ರೂ ಎಲ್ಲೈತೆ, ಬುಡು ಅತ್ಲಾಗೆ!"

ಆಗ ನನಗೆ ಅರ್ಥವಾಯಿತು. ಗೋಡೆ ಹಿಡಿದು ಬಂದದ್ದು, ಗಲ್ಲ ಹುಡುಕಿದ್ದು, ಅಂಚು ತಪ್ಪಿದ್ದು ಎಲ್ಲ. ಟ್ರಯಲ್ ಏನು, ಎರಡು ಬಗೆಯ ಪೆನ್ಸಿಲ್ ಏನು, ಕೂದಲೆಳೆಯ ಲೆಕ್ಕ ಏನು! ಇಷ್ಟೆಲ್ಲ ನಾನು ಮಾಡಿದ್ದು ಕಣ್ಣೇ ಕಾಣದ ಅಜ್ಜಿಯಿಂದ ಮುಚ್ಚಿಡುವುದಕ್ಕೆ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಜಯಮ್ಮನಂತೂ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದರು. "ಎರಡು ವರ್ಸದಿಂದ ಕಾಣ್ದೆನೇ ಒಲೆ ಉರಿ ಮಾಡ್ತಿದ್ರಾ ಅತ್ತೆಮ್ಮ? ಏನಾರ ಆಗಿದ್ರೆ?" ಅಂತ ಬೈಯುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದರು.

ಚಿಪ್ಪಿನ ಮೇಲೆಲ್ಲ ತುಪ್ಪದ ಕಾಡಿಗೆ ಹರಡಿತ್ತು. ತೊಳೆಯದೆ ದಾರಿಯಿರಲಿಲ್ಲ. ಸೌಮ್ಯ ಬಚ್ಚಲಿನ ಕಡೆ ಎದ್ದವಳು ಒಂದು ಕ್ಷಣ ನಿಂತು, ಮತ್ತೆ ಅಲ್ಲೇ ಕೂತಳು. ಕೈ ತೊಳೆದುಕೊಂಡು, ನಮ್ಮೆಲ್ಲರ ಎದುರಿಗೇ ಕಣ್ಣು ತೆಗೆದಳು. ಡಾಕ್ಟರ್ ಕೊಟ್ಟ ಸಲೈನ್ ಬಾಟಲಿ ಅವಳ ಬ್ಯಾಗಿನಲ್ಲೇ ಇತ್ತು. ತೊಳೆದು ಒರೆಸುವಷ್ಟರಲ್ಲಿ ಅಜ್ಜಿ ಅಂಗೈ ಚಾಚಿದರು.

"ಕೊಡು, ಹಿಡ್ಕೊಂಡು ನೋಡ್ತೀನಿ."

ಅಂಗೈ ಮೇಲೆ ಇಟ್ಟಳು. ಸುಕ್ಕುಸುಕ್ಕಾದ ಆ ಕೈಯಲ್ಲಿ ಕಣ್ಣು ಮೇಲೆ ನೋಡುತ್ತಾ ಮಲಗಿತ್ತು. ಅಜ್ಜಿ ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿದರು, ಮರಿಹಕ್ಕಿಯನ್ನು ಮುಚ್ಚುವ ಹಾಗೆ. ಕಿಟಕಿಯಿಂದ ಬೆಳಕು ಬರಲು ಶುರುವಾಗಿತ್ತು.

"ಬೆಚ್ಚಗೈತಲ್ಲೇ," ಎಂದರು, ಆಶ್ಚರ್ಯದಿಂದ. "ನಿನ್ನ ಮೈ ಬಿಸಿ ಹಿಡ್ಕೊಂಡೈತೆ."

ಸೌಮ್ಯ ಅವರ ಮಡಿಲಿಗೆ ತಲೆಯಿಟ್ಟು ಅತ್ತುಬಿಟ್ಟಳು. ಅಜ್ಜಿ ತಡೆಯಲಿಲ್ಲ. ನಾನೂ ಮೇಕಪ್ ಹಾಳಾಗುತ್ತದೆ ಅನ್ನಲಿಲ್ಲ.

ಕೆಳಗಿನಿಂದ "ಹೆಣ್ಣನ್ನ ಕರ್ಕೊಂಡ್ ಬನ್ನಿ" ಎಂಬ ಕೂಗು ಬಂತು. ಸೌಮ್ಯ ಮತ್ತೆ ಚಿಪ್ಪನ್ನು ತೊಳೆದು ಹಾಕಿಕೊಂಡಳು. ನಾನು ಒದ್ದೆ ಹತ್ತಿಯಿಂದ ಎರಡೂ ಕಣ್ಣಿನ ಗೆರೆ ಒರೆಸಿ, ಎಡಗಣ್ಣಿನಿಂದ ಶುರು ಮಾಡಲು ಬ್ರಷ್ ಎತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅಕ್ಕ, ಸಮ ಮಾಡ್ಬೇಡಿ. ಇದಕ್ಕೆ ಸುಮ್ನೆ ಒಂದು ಸಣ್ಣ ಗೆರೆ ಸಾಕು. ನಾನು ನೋಡೋದು ಇದ್ರಲ್ಲಿ," ಎಂದು ಬಲಗಣ್ಣು ತೋರಿಸಿದಳು. "ಇದಕ್ಕೆ ದಪ್ಪಗೆ ಬರೀರಿ. ಎಲ್ರಿಗೂ ಗೊತ್ತಾಗ್ಲಿ."

ಬಲಗಣ್ಣಿನ ಒಳಗಂಚಿಗೆ ಅಜ್ಜಿಯೇ ಕಾಡಿಗೆ ಹಚ್ಚಿದರು, ನಾನು ಅವರ ಬೆರಳು ಹಿಡಿದು ದಾರಿ ತೋರಿಸಿದೆ. ಈ ಸಲ ಕಣ್ಣು ಪಟಪಟ ಬಡಿಯಿತು, ನೀರು ತುಂಬಿತು. "ಹೂಂ, ಉರೀತಾ?" ಎಂದು ಅಜ್ಜಿ ಖುಷಿಯಿಂದ ನಕ್ಕರು. ಮೇಲಿನ ರೆಪ್ಪೆಗೆ ನಾನು ಜೆಲ್ ಲೈನರ್‌ನಿಂದ ಕಪ್ಪಗೆ, ಅಗಲವಾಗಿ, ಕಿವಿಯ ಕಡೆಗೆ ಏರುವಂತೆ ಗೆರೆ ಎಳೆದೆ. ಬೇಕೆಂದೇ ಹೆಚ್ಚುಕಡಿಮೆ ಮಾಡಿದ್ದು ನನ್ನ ಕಸುಬಿನಲ್ಲಿ ಅದೇ ಮೊದಲು.

ಅಜ್ಜಿ ನನ್ನ ತೋಳು ಹಿಡಿದು ಮೆಟ್ಟಿಲಿಳಿದರು. ಹಿಡಿದ ತೋಳು ಬಿಡಲಿಲ್ಲ, ಮಂಟಪದ ಮುಂದಿನ ಸಾಲಿನಲ್ಲಿ ನನ್ನನ್ನೂ ಪಕ್ಕದಲ್ಲೇ ಕೂರಿಸಿಕೊಂಡರು. ಗಂಡುಹೆಣ್ಣಿನ ನಡುವೆ ಬಿಳಿ ಪಂಚೆಯನ್ನು ತೆರೆಯಾಗಿ ಹಿಡಿದಿದ್ದರು. ಈ ಕಡೆ ಸೌಮ್ಯ, ಆ ಕಡೆ ಹರೀಶ, ಇಬ್ಬರ ಬೊಗಸೆಯಲ್ಲೂ ಜೀರಿಗೆ ಬೆಲ್ಲ. ತೆರೆ ಸರಿದ ತಕ್ಷಣ ಯಾರು ಮೊದಲು ಇನ್ನೊಬ್ಬರ ತಲೆಗೆ ಹಾಕುತ್ತಾರೋ ಅವರದ್ದೇ ಮನೆಯಲ್ಲಿ ಮೇಲುಗೈ ಅಂತ ತಮಾಷೆ. ಎರಡೂ ಕಡೆಯವರು ಹುರಿದುಂಬಿಸುತ್ತಾ ನಿಂತಿದ್ದರು.

ಗಟ್ಟಿಮೇಳ ಮೊಳಗಿತು. ತೆರೆ ಬಿತ್ತು. ಹರೀಶ ಬೊಗಸೆ ಎತ್ತಿದವನು ಅವಳ ಕಣ್ಣನ್ನೇ ನೋಡುತ್ತಾ ನಿಂತುಬಿಟ್ಟ. ಅವನ ಸೋದರಮಾವ "ಹಾಕ್ಲಾ, ಹಾಕ್ಲಾ ಬೇಗ!" ಎಂದು ಕೂಗುತ್ತಿದ್ದರೂ ಕೇಳಿಸಿದಂತೆ ಕಾಣಲಿಲ್ಲ. ಸೌಮ್ಯ ಜೀರಿಗೆ ಬೆಲ್ಲವನ್ನೆಲ್ಲ ಅವನ ತಲೆಗೆ ಸುರಿದಳು. ಛತ್ರವೆಲ್ಲ ಹೋ ಎಂದಿತು.

ಅಜ್ಜಿ ನನ್ನ ಕೈ ಅದುಮಿದರು. "ನಂಗೆ ಬರೀ ಬೆಳಕು ಕಾಣ್ತೈತೆ. ನೀನು ಹೇಳು ತಾಯಿ. ನಮ್ಮ ಹುಡುಗಿ ಹೆಂಗೆ ಕಾಣ್ತಾವ್ಳೆ?"

ಈ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಹೊಟ್ಟೆಪಾಡು. ಲಕ್ಷಣವಾಗಿ ಕಾಣ್ತಾರೆ, ಗೊಂಬೆ ಹಂಗೆ ಕಾಣ್ತಾರೆ ಅಂತ ಎಷ್ಟು ಅಮ್ಮಂದಿರಿಗೆ, ಎಷ್ಟು ಅತ್ತೆಯರಿಗೆ ಹೇಳಿಲ್ಲ. ಆದರೆ ಅವತ್ತು ಮೊದಲು ಮಂಟಪದ ಕಡೆ ನೋಡಿದೆ. ಸೌಮ್ಯ ತಲೆ ತಗ್ಗಿಸಿರಲಿಲ್ಲ. ಹರೀಶನನ್ನು ನೋಡಿದಳು. ತಲೆ ತಿರುಗಿಸಿ ಅಪ್ಪ ಅಮ್ಮನನ್ನು ನೋಡಿದಳು, ಜಯಮ್ಮನನ್ನು ನೋಡಿದಳು, ಹೂವಿನ ಚಪ್ಪರವನ್ನು, ಕೂಗುವ ಜನರನ್ನು, ಕೊನೆಗೆ ನಮ್ಮಿಬ್ಬರನ್ನು ನೋಡಿದಳು. ಕಪ್ಪು ಗೆರೆಯೊಳಗಿನ ಆ ಒಂದು ಕಣ್ಣು ಇಡೀ ಛತ್ರವನ್ನು ತುಂಬಿಕೊಳ್ಳುತ್ತಿತ್ತು.

"ನೋಡ್ತಾ ಇದಾಳೆ ಅಜ್ಜಿ," ಎಂದೆ. "ಎಲ್ಲಾನೂ ನೋಡ್ತಾ ಇದಾಳೆ."

"ಅಷ್ಟು ಸಾಕು ಬುಡು," ಎಂದರು ಅಜ್ಜಿ.

ಅಂದಿನವರೆಗೆ ನಾನು ಕಣ್ಣಿಗೆ ಗೆರೆ ಎಳೆಯುತ್ತಿದ್ದದ್ದು ಬೇರೆಯವರು ನೋಡಲಿ ಎಂದು. ಕಣ್ಣು ಇರುವುದು ಅದನ್ನು ಹೊತ್ತವಳು ನೋಡುವುದಕ್ಕೆ. ಇಪ್ಪತ್ತು ವರ್ಷ ಕಣ್ಣಿನ ಕೆಲಸವನ್ನೇ ಮಾಡಿ ನಾನು ಕಲಿತದ್ದು ಈ ಒಂದು ಮಾತು. ಈಗಲೂ ಕೈ ಬ್ರಷ್ ಹಿಡಿದರೆ ಎರಡನ್ನೂ ಸಮ ಮಾಡಲು ಹೊರಡುತ್ತದೆ, ಅಭ್ಯಾಸ ಹೋಗುವುದಿಲ್ಲ. ಆದರೆ ಬೆಳಗಿನ ಜಾವ ಎದುರಿಗೆ ಬಂದು ಕೂರುವ ಹುಡುಗಿ ಕಣ್ಣು ಮುಚ್ಚುವುದಕ್ಕೆ ಮೊದಲು ಒಂದು ಗಳಿಗೆ ಸುಮ್ಮನೆ ಕಾಯುತ್ತೇನೆ. ಅವಳು ನನ್ನನ್ನು ಚೆನ್ನಾಗಿ ನೋಡಲಿ ಎಂದು.